ಇದ್ದ ಕಾರ್ಡನ್ನೆಲ್ಲ ಮಾರಿ ಒಂದು ಕ್ಲೆಮೆಂಟೆ ತರಬೇಕೇ?

ಪ್ರಶ್ನೆ: ನಾನು ಹಾಸನದವನು. ಪಿಟ್ಸ್‌ಬರ್ಗ್‌ಗೆ ಬಂದು ಹದಿನೈದು ವರ್ಷದ ಮೇಲಾಯಿತು. ಬಂದ ಹೊಸದರಲ್ಲಿ ಆಫೀಸಿನವರು ಪೈರೇಟ್ಸ್ ಪಂದ್ಯಕ್ಕೆ ಕರೆದುಕೊಂಡು ಹೋದರು. ಅಲ್ಲಿಂದ ಬೇಸ್‌ಬಾಲ್ ಹುಚ್ಚು, ಹಿಂದೆಯೇ ಆಟಗಾರರ ಚಿತ್ರವಿರುವ ಹಳೇ ಕಾರ್ಡಿನ ಹುಚ್ಚು. ಗ್ಯಾರೇಜ್ ಸೇಲ್, ಸಂತೆ ಅಂತ ಸುತ್ತಿ ಸೇರಿಸಿದ್ದು ಇಷ್ಟು: 1950ರಿಂದ 1973ರ ನಡುವಿನ 24 ಒಳ್ಳೆಯ ಕಾರ್ಡ್ (ಬಾಬ್ ಗಿಬ್ಸನ್‌ನ 1959ರದ್ದು, ಕಾರ್ಲ್ ಯಾಸ್ಟ್ರೆಮ್ಸ್ಕಿಯ 1960ರದ್ದು, ಪೈರೇಟ್ಸ್ ತಂಡದ ರಾಬರ್ಟೊ ಕ್ಲೆಮೆಂಟೆಯ 1960, 1965, 1973ರವು ಸೇರಿ), ಅದೇ ಕಾಲದ ಸುಮಾರು 150 ಸಾಧಾರಣ ಆಟಗಾರರ ಕಾರ್ಡ್, 1987–91ರ ಎಂಟು ಬಾಕ್ಸ್. ಬೆಲೆ ಪುಸ್ತಕ ಹಿಡಿದು ಕೂಡಿಸಿದರೆ ಕ್ರಮವಾಗಿ 2,600, 900 ಮತ್ತು 700 ಡಾಲರ್, ಒಟ್ಟು 4,200. ಯಾವುದಕ್ಕೂ ಗ್ರೇಡ್ (ಪಿಎಸ್‌ಎಯಂಥ ಕಂಪನಿ ಕಾರ್ಡಿನ ಸ್ಥಿತಿ ನೋಡಿ ಕೊಡುವ ಅಂಕ) ಮಾಡಿಸಿಲ್ಲ. ನನ್ನ ಆಸೆ ಟಾಪ್ಸ್ ಕಂಪನಿಯ 1955ರ ರಾಬರ್ಟೊ ಕ್ಲೆಮೆಂಟೆ ಕಾರ್ಡ್. ಪಿಎಸ್‌ಎ 4 ಗ್ರೇಡಿನದ್ದು ಒಂದು ಕಣ್ಣಿಗೆ ಬಿದ್ದಿದೆ, 3,000 ಡಾಲರ್ ಹೇಳುತ್ತಿದ್ದಾರೆ. ಎಲ್ಲ ಮಾರಿ ಅದನ್ನು ತರಲೇ? ಮಾರುವ ಮೊದಲು ಎಲ್ಲಕ್ಕೂ ಗ್ರೇಡ್ ಮಾಡಿಸಬೇಕೇ? ಕಾರ್ಡಿಗೆ ಕಾರ್ಡ್ ಬದಲಾಯಿಸಿಕೊಂಡರೆ ಟ್ಯಾಕ್ಸ್ ಇಲ್ಲ ಅನ್ನುತ್ತಾರೆ, ನಿಜವೇ? ನನ್ನ ಹೆಂಡತಿ, "ಇಷ್ಟು ವರ್ಷ ಕೂಡಿಟ್ಟಿದ್ದು ಒಂದೇ ಸಲ ಕೊಟ್ಟುಬಿಟ್ರೆ ಆಮೇಲೆ ಹೊಟ್ಟೆ ಉರ್ಕೊಳಲ್ವಾ?" ಅಂತ ಕೇಳುತ್ತಾಳೆ.

ಉತ್ತರ: ಮೊದಲು ಚುಟುಕಾಗಿ ಹೇಳಿಬಿಡುತ್ತೇನೆ. ಮಾರಿ, ಆದರೆ ಎಲ್ಲವನ್ನೂ ಬೇಡ. ಕ್ಲೆಮೆಂಟೆ ತನ್ನಿ, ಆದರೆ ಪಿಎಸ್‌ಎ 4ಕ್ಕೆ ಹಟ ಹಿಡಿಯಬೇಡಿ. ಮತ್ತೆ, ಆ 4,200 ಡಾಲರ್ ಅನ್ನೋ ಲೆಕ್ಕವನ್ನು ಇವತ್ತೇ ಮರೆತುಬಿಡಿ. ನಿಮ್ಮ ಯೋಜನೆ ಎಡವುವುದು ಅಲ್ಲೇ.

ಹಳೇ ಚಿನ್ನ ಕೊಟ್ಟು ಹೊಸ ಒಡವೆ ಮಾಡಿಸಿದ್ದೀರಲ್ಲ? ಕೊಡುವಾಗ ಸವಕಲು, ಕರಗಿಸಿದ್ದು ಅಂತ ಕಳೆಯುತ್ತಾರೆ. ತಗೊಳ್ಳುವಾಗ ವೇಸ್ಟೇಜ್, ಮಜೂರಿ ಅಂತ ಸೇರಿಸುತ್ತಾರೆ. ಕಾರ್ಡಿನಲ್ಲೂ ಹೀಗೇ ಎರಡೂ ಕಡೆ ಕತ್ತರಿ. ಬೆಲೆ ಪುಸ್ತಕದಲ್ಲಿ ಇರುವುದು ಅಂಗಡಿಯವನು ಒಳ್ಳೆಯ ಸ್ಥಿತಿಯ ಕಾರ್ಡಿಗೆ ಕೇಳಬಹುದಾದ ಬೆಲೆ. ನಿಮ್ಮ ಕೈಗೆ ಬರುವ ದುಡ್ಡು ಅದಲ್ಲ.

ನಿಮ್ಮ ಪಟ್ಟಿಯನ್ನೇ ಇಟ್ಟುಕೊಂಡು ನೋಡೋಣ. 24 ಒಳ್ಳೆಯ ಕಾರ್ಡಿಗೆ ನೀವು 2,600 ಹಾಕಿದ್ದೀರಿ. ಇವು ಗ್ಯಾರೇಜ್ ಸೇಲಿನಲ್ಲಿ ಸಿಕ್ಕವು. ಮೂಲೆ ಸವೆದಿರುತ್ತದೆ, ಒಂದೆರಡರಲ್ಲಿ ಮಡಿಕೆ ಇರುತ್ತದೆ. ಇಬೇಯಲ್ಲಿ ಒಂದೊಂದಾಗಿ ಮಾರಿದರೆ ಒಟ್ಟು 2,000 ಬಂದೀತು. ಅದರಲ್ಲಿ ಇಬೇ ಸುಮಾರು 13% ಹಿಡಿಯುತ್ತದೆ, ಅಂದರೆ 260. ಅಂಚೆ, ಪ್ಯಾಕಿಂಗ್ ಕಾರ್ಡಿಗೆ 5 ಡಾಲರ್ ಹಿಡಿದರೂ 120. ಉಳಿಯುವುದು 1,620. ಸಾಧಾರಣ ಆಟಗಾರರ 150 ಕಾರ್ಡಿಗೆ ನೀವು 900 ಹಾಕಿದ್ದೀರಿ. ಒಟ್ಟಿಗೆ ಲಾಟ್ ಮಾಡಿ ಕೊಟ್ಟರೆ 300 ಸಿಕ್ಕರೆ ದೊಡ್ಡದು. ಎಂಟು ಬಾಕ್ಸಿಗೆ 700 ಅಂದಿದ್ದೀರಿ. ನಾನು 50 ಅಂದುಕೊಂಡಿದ್ದೇನೆ, ಅದೂ ಯಾರಾದರೂ ಮನೆಗೇ ಬಂದು ಹೊತ್ತುಕೊಂಡು ಹೋದರೆ. ಎಲ್ಲ ಸೇರಿ 1,970. ನಿಮ್ಮ ಲೆಕ್ಕದ ಅರ್ಧವೂ ಆಗಲಿಲ್ಲ.

ಇನ್ನು ಆ ಕಡೆ. 3,000ದ ಕಾರ್ಡಿಗೆ ನಿಮ್ಮ ಅಲೆಗೆನಿ ಕೌಂಟಿಯಲ್ಲಿ ಸೇಲ್ಸ್ ಟ್ಯಾಕ್ಸ್ 7%. ರಾಜ್ಯದ್ದು 6, ಕೌಂಟಿಯದ್ದು 1. ಅಲ್ಲಿಗೆ 3,210 ಆಯಿತು. ಆಕ್ಷನ್ ಹೌಸಿನ ಹರಾಜಿನಲ್ಲಿ ಕೂಗಿದರೆ ಕೊನೆಯ ಕೂಗಿನ ಮೇಲೆ ಸಾಮಾನ್ಯವಾಗಿ 20% ಸುಮಾರು ಪ್ರೀಮಿಯಂ ಬೇರೆ. ಹಾಗಾಗಿ ಎಲ್ಲ ಮಾರಿದ ಮೇಲೂ ಜೇಬಿನಿಂದ 1,200ಕ್ಕೂ ಜಾಸ್ತಿ ಹಾಕಬೇಕು. ಮನೆಯಲ್ಲಿ ಒಂದು ಕಾರ್ಡ್ ಬಿಟ್ಟರೆ ಬೇರೇನೂ ಇರುವುದಿಲ್ಲ. ನಿಮ್ಮ ಮನೆಯವರು ಕೇಳಿದ್ದು ಸರಿಯಾದ ಪ್ರಶ್ನೆಯೇ.

ಒಂದು ಕಾರ್ಡಿಗೆ ಮೂರು ಸಾವಿರ, 150 ಕಾರ್ಡಿಗೆ ಮುನ್ನೂರು. ಯಾಕೆ ಹೀಗೆ? ಇದು ತಿಳಿದರೆ ಯಾವುದನ್ನು ಮಾರಬೇಕು ಅನ್ನುವುದು ತಾನಾಗೇ ಗೊತ್ತಾಗುತ್ತದೆ.

ಆಗಿನ ಕಾಲದಲ್ಲಿ ಟಾಪ್ಸ್ ಕಂಪನಿ ವರ್ಷದ ಎಲ್ಲ ಕಾರ್ಡನ್ನೂ ಒಂದೇ ಸಲ ಬಿಡುತ್ತಿರಲಿಲ್ಲ. ವಸಂತದಲ್ಲಿ ಮೊದಲ ಸರಣಿ, ಆಮೇಲೆ ಬೇಸಿಗೆಯುದ್ದಕ್ಕೂ ಒಂದೊಂದಾಗಿ. ಕೊನೆಯ ಸರಣಿ ಅಂಗಡಿಗೆ ಬರುವ ಹೊತ್ತಿಗೆ ಹುಡುಗರಿಗೆ ಸ್ಕೂಲ್ ಶುರು, ಮನಸ್ಸೆಲ್ಲ ಫುಟ್‌ಬಾಲ್ ಕಡೆ. ಅಂಗಡಿಯವರು ತರಿಸುವುದೇ ಕಡಿಮೆ. ಹಾಗಾಗಿ ಕೊನೆಯಲ್ಲಿ ಬರುವ ದೊಡ್ಡ ನಂಬರಿನ ಕಾರ್ಡುಗಳು ಕಡಿಮೆ ಉಳಿದವು. 1952ರ ಕೊನೆಯ ಸರಣಿಯಂತೂ ಮಾರಾಟವಾಗದೆ ಗೋದಾಮಿನಲ್ಲೇ ಕೊಳೆಯುತ್ತಿತ್ತು. ಕಂಪನಿಯ ಸೈ ಬರ್ಗರ್ 1960ರ ಸುಮಾರಿಗೆ ಅದನ್ನು ದೋಣಿಗೆ ತುಂಬಿಸಿ ಅಟ್ಲಾಂಟಿಕ್ ಸಮುದ್ರಕ್ಕೆ ಸುರಿಸಿದರು. ಅದೇ ಸರಣಿಯ 311ನೇ ನಂಬರ್ ಮಿಕಿ ಮ್ಯಾಂಟಲ್ ಕಾರ್ಡ್ ಒಂದು 2022ರಲ್ಲಿ 1 ಕೋಟಿ 26 ಲಕ್ಷ ಡಾಲರಿಗೆ ಹೋಯಿತು. ಆ ಸುದ್ದಿ ಬಂದ ವಾರ ನನಗೆ ಫೋನಿನ ಮೇಲೆ ಫೋನು, ಎಲ್ಲರದ್ದೂ ಒಂದೇ ಮಾತು: ಅಟ್ಟದ ಮೇಲೆ ಹಳೇ ಕಾರ್ಡ್ ಇದೆ.

ಹಳೇದು ಅಂದ ಮಾತ್ರಕ್ಕೆ ಬೆಲೆ ಬರುವುದಿಲ್ಲ. ಬೇಕು ಅನ್ನುವವರು ಎಷ್ಟು ಜನ, ಉಳಿದಿರುವ ಕಾರ್ಡ್ ಎಷ್ಟು, ಅಷ್ಟೇ ಲೆಕ್ಕ. 1955ರ ಟಾಪ್ಸ್ ಸೆಟ್‌ನಲ್ಲಿ ಇರುವುದೇ 206 ಕಾರ್ಡ್. ನಂಬರ್ 210ರವರೆಗೆ ಹೋಗುತ್ತದೆ, ನಡುವೆ ನಾಲ್ಕನ್ನು ಅಚ್ಚು ಹಾಕಲೇ ಇಲ್ಲ. ಕ್ಲೆಮೆಂಟೆ 164ನೆಯದು, ಅಂದರೆ ಕೊನೆಯ ಸರಣಿ. ಅವನ ಮೊದಲ ಕಾರ್ಡೂ ಇದೇ. ಸರಿಯಾಗಿ 3,000 ಹಿಟ್ ಹೊಡೆದವನು. 1972ರ ಡಿಸೆಂಬರ್ 31ರಂದು ನಿಕರಾಗುವಾದ ಭೂಕಂಪ ಸಂತ್ರಸ್ತರಿಗೆ ಸಾಮಾನು ಒಯ್ಯುವಾಗ ವಿಮಾನ ಬಿದ್ದು ತೀರಿಕೊಂಡ. ಮರುವರ್ಷವೇ ನಿಯಮ ಸಡಿಲಿಸಿ ಬೇಸ್‌ಬಾಲ್ ದಿಗ್ಗಜರ ಹಾಲ್ ಆಫ್ ಫೇಮ್‌ಗೆ ಸೇರಿಸಿಕೊಂಡರು. ನಿಮ್ಮೂರಿನ ಪಿಎನ್‌ಸಿ ಪಾರ್ಕ್‌ನಲ್ಲಿ ಮೈದಾನದ ಬಲಗಡೆಯ ಗೋಡೆ 21 ಅಡಿ ಎತ್ತರ ಇರುವುದು ಅವನ ಜೆರ್ಸಿ ನಂಬರಿಗೋಸ್ಕರ ಅಂತ ನಿಮಗೆ ನಾನು ಹೇಳಬೇಕಾಗಿಲ್ಲ. ಪಿಟ್ಸ್‌ಬರ್ಗ್‌ನವರಿಗೂ ಬೇಕು, ಪೋರ್ಟೊ ರಿಕೊದವರಿಗೂ ಬೇಕು. ನಾಳೆ ನಿಮಗೇ ದುಡ್ಡಿನ ತುರ್ತು ಬಂದರೆ ಈ ಕಾರ್ಡ್ ವಾರದೊಳಗೆ ಮಾರಾಟವಾಗುತ್ತದೆ. ಆ 150 ಕಾಮನ್ಸ್, ಅಂದರೆ ಸಾಧಾರಣ ಆಟಗಾರರ ಕಾರ್ಡ್, ಹಾಗಲ್ಲ. ಅವನ್ನು ಕೊಳ್ಳುವುದು ಸೆಟ್ ತುಂಬಿಸುವವರು ಮಾತ್ರ, ಅವರಿಗೂ ತಮ್ಮಲ್ಲಿ ಇಲ್ಲದ ನಂಬರಷ್ಟೇ ಸಾಕು.

1987–91ರ ಬಾಕ್ಸಿನ ಕತೆ ಇದಕ್ಕೆ ಉಲ್ಟಾ. ಹಳೇ ಕಾರ್ಡಿಗೆ ಬೆಲೆ ಬಂದದ್ದು ನೋಡಿ ಎಲ್ಲರೂ ಹೊಸದನ್ನು ಕೊಂಡು ಜೋಪಾನ ಮಾಡಿಟ್ಟರು. ಕಂಪನಿಗಳು ಕೈತುಂಬ ಅಚ್ಚು ಹಾಕಿದವು. ಯಾರೂ ಕಳೆದುಕೊಳ್ಳಲಿಲ್ಲ, ಯಾರಿಗೂ ಬೇಕಾಗಿಲ್ಲ. ಅದರಲ್ಲಿ 1989ರ ಅಪ್ಪರ್ ಡೆಕ್ ಕಂಪನಿಯ 1ನೇ ನಂಬರ್, ಕೆನ್ ಗ್ರಿಫಿ ಜೂನಿಯರ್ ಇದ್ದರೆ ತೆಗೆದಿಟ್ಟುಕೊಳ್ಳಿ. ಉಳಿದದ್ದನ್ನು ಅಕ್ಕಪಕ್ಕದ ಮಕ್ಕಳಿಗೆ ಕೊಡಿ, ಖುಷಿಯಾಗಿ ಆಡಿಕೊಳ್ಳುತ್ತಾರೆ.

ಈಗ ಗ್ರೇಡಿಂಗ್. "ಎಲ್ಲಕ್ಕೂ ಮಾಡಿಸಿ, ಡಬಲ್ ಆಗುತ್ತೆ" ಅಂತ ನಿಮಗೆ ಯಾರೋ ಹೇಳಿರಬೇಕು. ಹೊಳೆಯುವ ಕಾರ್ಡಿಗೆ ಅದು ನಿಜ, ಸವೆದ ಕಾರ್ಡಿಗೆ ಅಲ್ಲ. ಪಿಎಸ್‌ಎ, ಎಸ್‌ಜಿಸಿ ಯಾವುದೇ ಇರಲಿ, 1ರಿಂದ 10ರವರೆಗೆ ಅಂಕ ಕೊಟ್ಟು ಗಟ್ಟಿ ಪ್ಲಾಸ್ಟಿಕ್ಕಿನ ಸ್ಲ್ಯಾಬ್‌ನಲ್ಲಿ ಮುಚ್ಚಿ ಕಳಿಸುತ್ತಾರೆ. ಕಾರ್ಡಿಗೆ ಸಾಮಾನ್ಯವಾಗಿ 20 ಡಾಲರಿನ ಸುಮಾರು, ಕೆಲವೊಮ್ಮೆ ಜಾಸ್ತಿಯೇ ಆಗುತ್ತದೆ. ಹೋಗಿಬರುವ ಅಂಚೆ ಖರ್ಚು ಬೇರೆ, ತಿಂಗಳುಗಟ್ಟಲೆ ಕಾಯುವುದು ಬೇರೆ. 40 ಡಾಲರಿನ ಕಾರ್ಡಿಗೆ 2 ಅಂಕ ಬಂದರೆ ನೀವು ಗ್ರೇಡಿಂಗ್ ಕಂಪನಿಗೆ ದಾನ ಮಾಡಿದಂತೆ. ಗ್ರೇಡ್ ಆದ ಮೇಲೆ ಏರುವ ಬೆಲೆ ಒಟ್ಟು ಖರ್ಚಿನ ಎರಡು ಪಟ್ಟಾದರೂ ಇರಬೇಕು, ಇಲ್ಲದಿದ್ದರೆ ನಾನು ಕಳಿಸುವುದಿಲ್ಲ. ನಿಮ್ಮ ಪಟ್ಟಿಯಲ್ಲಿ ಗಿಬ್ಸನ್ ಮತ್ತು ಯಾಸ್ಟ್ರೆಮ್ಸ್ಕಿ, ಈ ಎರಡು ಸಾಕು. ಎರಡೂ ರೂಕಿ ಕಾರ್ಡ್, ಅಂದರೆ ಆಟಗಾರನ ಮೊದಲ ಕಾರ್ಡ್, ಎರಡರಲ್ಲೂ ನಕಲಿ ಕಾಟ ಇದೆ. ಅಲ್ಲಿ ಅಂಕಕ್ಕಿಂತ "ಇದು ಅಸಲಿ" ಅನ್ನುವ ಮುದ್ರೆಗೇ ಬೆಲೆ.

ಟ್ಯಾಕ್ಸ್ ಬಗ್ಗೆ ನೀವು ಕೇಳಿದ್ದು ಹಳೇ ಮಾತು. ಒಂದು ಕಾಲದಲ್ಲಿ ಹೂಡಿಕೆಗೆ ಇಟ್ಟ ವಸ್ತುವನ್ನು ಅದೇ ಜಾತಿಯ ವಸ್ತುವಿಗೆ ಬದಲಾಯಿಸಿಕೊಂಡು ಟ್ಯಾಕ್ಸ್ ಮುಂದೂಡುವ ದಾರಿ ಇತ್ತು. 2018ರಿಂದ ಅದು ಜಮೀನು, ಕಟ್ಟಡಗಳಿಗೆ ಮಾತ್ರ. ಈಗ ಕಾರ್ಡಿಗೆ ಕಾರ್ಡ್ ಕೊಟ್ಟರೂ ಕಾನೂನಿನ ಕಣ್ಣಿನಲ್ಲಿ ಅದು ಮಾರಾಟವೇ. ಒಂದು ವರ್ಷಕ್ಕಿಂತ ಜಾಸ್ತಿ ಇಟ್ಟುಕೊಂಡ ಸಂಗ್ರಹದ ವಸ್ತುವಿನ ಲಾಭಕ್ಕೆ ಕೇಂದ್ರದ ಟ್ಯಾಕ್ಸ್ ಗರಿಷ್ಠ 28%. ನಿಮ್ಮ ಆದಾಯದ ಸ್ಲ್ಯಾಬ್ ಅದಕ್ಕಿಂತ ಕೆಳಗಿದ್ದರೆ ಅಷ್ಟೇ. ರಾಜ್ಯದ್ದು ಬೇರೆ. ಇಬೇಯಿಂದ ಮಾರಾಟದ ಲೆಕ್ಕದ ಟ್ಯಾಕ್ಸ್ ಫಾರಂ ಬರಲಿಲ್ಲ ಅಂದರೆ ಟ್ಯಾಕ್ಸ್ ಇಲ್ಲ ಅಂತಲ್ಲ. ಗಾಬರಿ ಬೇಡ, ಟ್ಯಾಕ್ಸ್ ಬೀಳುವುದು ಲಾಭದ ಮೇಲೆ ಮಾತ್ರ. ಆದರೆ ಎಷ್ಟಕ್ಕೆ ಕೊಂಡಿರಿ ಅಂತ ತೋರಿಸಬೇಕಲ್ಲ? ಗ್ಯಾರೇಜ್ ಸೇಲಿನಲ್ಲಿ ಯಾರು ರಸೀದಿ ಕೊಡುತ್ತಾರೆ! ಯಾವ ವರ್ಷ, ಎಲ್ಲಿ, ಎಷ್ಟು ಕೊಟ್ಟಿರಿ ಅನ್ನುವುದನ್ನು ನೆನಪಿದ್ದಷ್ಟು ಈಗಲೇ ಬರೆದಿಡಿ. ಹಳೇ ಇಮೇಲ್, ಬ್ಯಾಂಕ್ ಸ್ಟೇಟ್‌ಮೆಂಟ್ ಸಿಕ್ಕರೆ ಜೊತೆಗಿಡಿ. ಉಳಿದದ್ದನ್ನು ನಿಮ್ಮ ಟ್ಯಾಕ್ಸ್ ನೋಡುವವರಿಗೆ ಬಿಡಿ.

ಸರಿ, ಮಾರುವುದು ಎಲ್ಲಿ, ಹೇಗೆ?

ಇಬೇಯಲ್ಲಿ ಬೆಲೆ ಚೆನ್ನಾಗಿ ಬರುತ್ತದೆ, ಕೆಲಸವೂ ಅಷ್ಟೇ ಜಾಸ್ತಿ. 24 ಕಾರ್ಡಿಗೆ ಮುಂದೆ ಹಿಂದೆ ಫೋಟೊ, ವಿವರಣೆ, ಪ್ಯಾಕಿಂಗ್, ಆಮೇಲೆ "ಮೂಲೆ ಸವೆದಿದೆ, ವಾಪಸ್ ತಗೊಳ್ಳಿ" ಅನ್ನುವವರ ಜೊತೆ ಪತ್ರ ವ್ಯವಹಾರ. ಬೆಲೆ ನಿಗದಿ ಮಾಡುವಾಗ ಜನ ಕೇಳುತ್ತಿರುವ ಬೆಲೆ ನೋಡಲೇಬೇಡಿ. 'ಸೋಲ್ಡ್' ಅನ್ನುವ ಫಿಲ್ಟರ್ ಒತ್ತಿ, ನಿಜವಾಗಿ ಮಾರಾಟವಾದದ್ದನ್ನು ಮಾತ್ರ ನೋಡಿ. ಬಹಳ ಜನ ಈ ಒಂದು ಗುಂಡಿ ಒತ್ತುವುದಿಲ್ಲ.

ನಿಮಗೆ ನಾನು ಹೆಚ್ಚು ಒತ್ತಿ ಹೇಳುವುದು ಕಾರ್ಡ್ ಶೋ. ದೇಶದ ದೊಡ್ಡ ಶೋ 'ನ್ಯಾಷನಲ್' ಪ್ರತಿ ಬೇಸಿಗೆಯಲ್ಲಿ ನಡೆಯುತ್ತದೆ. ಹೆಚ್ಚಾಗಿ ಷಿಕಾಗೊ ಹತ್ತಿರ, ಆಗಾಗ ಕ್ಲೀವ್‌ಲ್ಯಾಂಡ್‌ನಲ್ಲಿ. ಕ್ಲೀವ್‌ಲ್ಯಾಂಡ್ ನಿಮಗೆ ಎರಡು ಚಿಲ್ಲರೆ ಗಂಟೆಯ ದಾರಿ. ಅಷ್ಟು ದೊಡ್ಡದೇ ಬೇಕು ಅಂತಿಲ್ಲ, ಸಣ್ಣ ಶೋ ಕೂಡ ಆಗುತ್ತದೆ. ಅಲ್ಲಿ ಹೀಗೆ ನಡೆಯುತ್ತದೆ ನೋಡಿ. ನಿಮ್ಮ ಕಾರ್ಡುಗಳನ್ನು ಮೇಜಿನ ಮೇಲೆ ಇಡುತ್ತೀರಿ. ಡೀಲರ್ ಬೇಗ ಬೇಗ ತಿರುವಿ ಹಾಕುತ್ತಾನೆ. ನಾಲ್ಕೈದು ಎತ್ತಿ ಬೇರೆ ಇಡುತ್ತಾನೆ, ಉಳಿದದ್ದರ ಕಡೆ ನೋಡುವುದೂ ಇಲ್ಲ. ಆಮೇಲೆ ಫೋನಿನಲ್ಲಿ ಮಾರಾಟದ ಬೆಲೆ ನೋಡಿ, "ಕ್ಯಾಶ್ ಆದ್ರೆ 60, ಟ್ರೇಡ್ ಆದ್ರೆ 80" ಅನ್ನುತ್ತಾನೆ. ನೂರಕ್ಕೆ ಅರವತ್ತು, ಎಂಬತ್ತು ಅಂತ. ಮೊದಲ ಸಲ ಕೇಳಿದವರಿಗೆ ಇದು ಸುಲಿಗೆ ಅನ್ನಿಸುತ್ತದೆ. ಲೆಕ್ಕ ಹಾಕಿ: ಇಬೇಯಲ್ಲಿ ಕಮಿಷನ್, ಅಂಚೆ ಕಳೆದರೆ ನಿಮಗೆ ಉಳಿದದ್ದು ನೂರಕ್ಕೆ ಎಂಬತ್ತೊಂದು. ಟ್ರೇಡ್‌ನಲ್ಲಿ ಎಂಬತ್ತು. ಒಂದು ತಿಂಗಳ ತಲೆನೋವು ಉಳಿಯಿತು. ಡೀಲರ್ ಕಾಮನ್ಸ್‌ಗೆ ಕೈ ಹಾಕದಿದ್ದರೆ ಕೊನೆಗೆ, "ಇದಿಷ್ಟೂ ಸೇರಿಸಿ ತಗೊಳ್ಳಿ" ಅಂತ ಹೇಳಿ ನೋಡಿ. ವ್ಯಾಪಾರ ಮುಗಿಯುವ ಹಂತದಲ್ಲಿ ಬೇಡ ಅನ್ನುವವರು ಕಡಿಮೆ.

ಆಕ್ಷನ್ ಹೌಸ್ ನಿಮ್ಮ ಕಾರ್ಡುಗಳಿಗೆ ಹೇಳಿದ್ದಲ್ಲ, ದೊಡ್ಡ ಮಾಲು ಇದ್ದವರಿಗೆ.

ಒಂದು ವಿಷಯ ಮಾತ್ರ ಅದಲು ಬದಲು ಮಾಡಬೇಡಿ. ಮೊದಲು ಎಲ್ಲ ಮಾರಿ, ದುಡ್ಡು ಬ್ಯಾಂಕಿನಲ್ಲಿಟ್ಟು, ಆಮೇಲೆ ಕ್ಲೆಮೆಂಟೆ ಹುಡುಕಲು ಹೊರಟರೆ ಆ ದುಡ್ಡು ಕಾರಿನ ಟೈರಿಗೆ ಹೋಗುತ್ತದೆ. ಕಾರ್ಡೂ ಇಲ್ಲ, ಕ್ಲೆಮೆಂಟೆಯೂ ಇಲ್ಲ. ಈ ಗೋಳು ತೋಡಿಕೊಂಡವರು ನನಗೆ ಬೇಕಾದಷ್ಟು ಜನ ಸಿಕ್ಕಿದ್ದಾರೆ. ಇನ್ನೊಂದು ಕಡೆ, ಕ್ರೆಡಿಟ್ ಕಾರ್ಡಿನಲ್ಲಿ ಮೊದಲು ಕ್ಲೆಮೆಂಟೆ ತಂದು, ಆ ಸಾಲ ತೀರಿಸಲು ಆತುರಾತುರವಾಗಿ ಉಳಿದದ್ದನ್ನು ಸಿಕ್ಕ ಬೆಲೆಗೆ ಕೊಡುವವರೂ ಇದ್ದಾರೆ. ಮೊದಲು ಎರಡು ತಿಂಗಳು ಕ್ಲೆಮೆಂಟೆಯ ಮಾರಾಟದ ಬೆಲೆಗಳನ್ನು ಸುಮ್ನೆ ಬರೆದುಕೊಳ್ಳುತ್ತಾ ಹೋಗಿ. ಎಷ್ಟಕ್ಕೆ ಸಿಕ್ಕರೆ ತಗೊಳ್ಳುತ್ತೀರಿ ಅಂತ ಒಂದು ಮಿತಿ ಹಾಕಿಕೊಳ್ಳಿ. ಆಮೇಲೆ ಮಾರಲು ಶುರು ಮಾಡಿ. ಬಂದ ದುಡ್ಡನ್ನು ಬೇರೆ ಅಕೌಂಟಿನಲ್ಲಿಡಿ.

ಇನ್ನು ಗ್ರೇಡ್ ಇಳಿಸಿ ಅಂದೆನಲ್ಲ, ಯಾಕೆ ಅಂತ ಹೇಳುತ್ತೇನೆ. ಅಂಕ ಕೊಡುವವರು ಕಾರ್ಡಿನಲ್ಲಿರುವ ದೋಷಗಳನ್ನು ಎಣಿಸುತ್ತಾರೆ. ನೀವು ನೋಡುವುದು ಚಿತ್ರ. ಹಿಂಬದಿಯಲ್ಲಿ ಗಮ್ ಅಂಟಿದ ಕಲೆ, ಓರೆ ಹಿಡಿದರೆ ಮಾತ್ರ ಕಾಣುವ ಒಂದು ಸಣ್ಣ ಮಡಿಕೆ, ಇಷ್ಟಕ್ಕೇ ಒಂದು ಕಾರ್ಡ್ 2ಕ್ಕೆ ಇಳಿಯಬಹುದು. ಮುಂದುಗಡೆ ಬಣ್ಣ ಗಟ್ಟಿಯಾಗಿ, ಬಿಳಿ ಅಂಚು ನಾಲ್ಕೂ ಕಡೆ ಸಮನಾಗಿ ಇದ್ದೇ ಇರುತ್ತದೆ. ಇನ್ನೊಂದು ಕಾರ್ಡ್ ಮೂಲೆ ಚೂಪಾಗಿದ್ದು 4 ತೆಗೆದುಕೊಂಡಿರುತ್ತದೆ, ಆದರೆ ಚಿತ್ರ ಒಂದು ಕಡೆಗೆ ವಾಲಿ, ಎಡಗಡೆ ಬಿಳಿ ಅಂಚು ದಾರದಷ್ಟು ಉಳಿದಿರುತ್ತದೆ. ಕಪಾಟಿನಲ್ಲಿ ಇಟ್ಟರೆ ಕಣ್ಣಿಗೆ ತಂಪಾಗುವುದು ಆ 2ನೆಯದ್ದೇ. ಸ್ಲ್ಯಾಬಿನ ಲೇಬಲ್ ಮೇಲೆ ಅಂಕದ ಪಕ್ಕ 'ಓಸಿ' ಅಂತಿದ್ದರೆ ಅಚ್ಚು ವಾಲಿದೆ ಅಂತ, 'ಎಂಕೆ' ಇದ್ದರೆ ಪೆನ್ನಿನ ಗುರುತು ಅಂತ. 2 ಮತ್ತು 4ರ ನಡುವೆ ಬೆಲೆಯಲ್ಲಿ ಇರುವ ಅಂತರವೇ ನಿಮ್ಮ ಗಿಬ್ಸನ್ನನ್ನೋ ಯಾಸ್ಟ್ರೆಮ್ಸ್ಕಿಯನ್ನೋ ಉಳಿಸಿಕೊಟ್ಟೀತು.

ನಕಲಿ ವಿಷಯದಲ್ಲಿ ಹುಷಾರು. ಸ್ಲ್ಯಾಬ್ ಇಲ್ಲದ 1955ರ ಕ್ಲೆಮೆಂಟೆಯನ್ನು ಅಪರಿಚಿತರಿಂದ ಕೊಳ್ಳಬೇಡಿ ಅಂತಲೇ ನನ್ನ ಸಲಹೆ. ಟಾಪ್ಸ್ ಕಂಪನಿಯೇ 1998ರಲ್ಲಿ ಅವನ ಹಳೇ ಕಾರ್ಡುಗಳನ್ನು ಮತ್ತೆ ಅಚ್ಚು ಹಾಕಿದೆ. ಮೋಸಕ್ಕೆ ಅಂತಲೇ ಮಾಡಿದವು ಬೇರೆ. ಅಸಲಿಯ ಅಳತೆ 2⅝ ಇಂಚು, 3¾ ಇಂಚು. ಈಗಿನ ಕಾರ್ಡಿನ 2½, 3½ ಅಳತೆ ಬಂದಿದ್ದು 1957ರಲ್ಲಿ. ಹಾಗಾಗಿ ಈಗಿನ ಪ್ಲಾಸ್ಟಿಕ್ ಕವರಿನೊಳಗೆ ಆ ಕಾರ್ಡ್ ಸಲೀಸಾಗಿ ಕೂತರೆ ಅನುಮಾನ ಪಡಿ. ಹತ್ತು ಪಟ್ಟಿನ ಭೂತಗನ್ನಡಿ ಹಿಡಿದು ಅಕ್ಷರಗಳನ್ನು ನೋಡಿ. ಅಸಲಿಯಲ್ಲಿ ಕಪ್ಪು ಅಕ್ಷರ ಗಟ್ಟಿ ಶಾಯಿಯಲ್ಲಿ ತುಂಬಿರುತ್ತದೆ. ಫೋಟೊ ತೆಗೆದು ಅಚ್ಚು ಹಾಕಿದ ನಕಲಿಯಲ್ಲಿ ಆ ಅಕ್ಷರವೂ ಚುಕ್ಕೆ ಚುಕ್ಕೆಯಾಗಿ ಒಡೆದು ಕಾಣುತ್ತದೆ. ಅಸಲಿ ಕಾರ್ಡಿಗೇ ಅಂಚು ಕತ್ತರಿಸಿ ಮೂಲೆ ಚೂಪು ಮಾಡುವವರೂ ಇದ್ದಾರೆ. ಜಗತ್ತಿನ ಅತಿ ಹೆಸರುವಾಸಿ ಹೋನಸ್ ವ್ಯಾಗ್ನರ್ ಕಾರ್ಡನ್ನೇ ಹೀಗೆ ಕತ್ತರಿಸಿದ್ದಾಗಿ ಬಿಲ್ ಮಾಸ್ಟ್ರೊ ಅನ್ನುವ ದೊಡ್ಡ ಡೀಲರ್ 2013ರಲ್ಲಿ ಕೋರ್ಟಿನಲ್ಲಿ ಒಪ್ಪಿಕೊಂಡ. ಸ್ಲ್ಯಾಬೇ ನಕಲಿ ಇರುವುದೂ ಉಂಟು. ಲೇಬಲ್ಲಿನ ನಂಬರನ್ನು ಪಿಎಸ್‌ಎ ವೆಬ್‌ಸೈಟಿನಲ್ಲಿ ಹಾಕಿ, ಅಲ್ಲಿ ಫೋಟೊ ಇದ್ದರೆ ಕಲೆ, ಚುಕ್ಕೆಗಳು ಹೋಲುತ್ತವೆಯೇ ಅಂತ ತಾಳೆ ನೋಡಿ. ದುಡ್ಡನ್ನು ಜ಼ೆಲ್‌ನಲ್ಲಿ ಕಳಿಸಿ, ಪೇಪಾಲ್‌ನಲ್ಲಿ ಗೆಳೆಯರಿಗೆ ಕಳಿಸಿದಂತೆ ಕಳಿಸಿ, ಕಮಿಷನ್ ಉಳಿಯುತ್ತೆ ಅಂತ ಯಾರಾದರೂ ಹೇಳಿದರೆ ಅಲ್ಲೇ ಕೈಮುಗಿದು ಎದ್ದುಬಿಡಿ. ಹಾಗೆ ಕಳಿಸಿದ ದುಡ್ಡಿಗೆ ಆಮೇಲೆ ಕೇಳುವವರಿಲ್ಲ.

ಕ್ಲೆಮೆಂಟೆ ಕಾರ್ಡಿಗೆ ಬೆಲೆ ಏರುತ್ತಲೇ ಹೋಗುತ್ತದೆಯೇ? ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. 2020–21ರಲ್ಲಿ ಎಲ್ಲರೂ ಮನೆಯಲ್ಲಿ ಕೂತಿದ್ದಾಗ ಕಾರ್ಡಿನ ಬೆಲೆ ಸಿಕ್ಕಾಪಟ್ಟೆ ಏರಿತು. ಆಮೇಲೆ ಇಳಿಯಿತು. ತುದಿಯಲ್ಲಿ ಕೊಂಡವರಲ್ಲಿ ಬಹಳ ಜನ ನಷ್ಟಕ್ಕೆ ಬಿದ್ದರು. ಕ್ಲೆಮೆಂಟೆಯಂಥ ಕಾರ್ಡ್ ಕಾಮನ್ಸ್‌ಗಿಂತ ಗಟ್ಟಿ, ಅಷ್ಟು ಮಾತ್ರ ಹೇಳಬಲ್ಲೆ. ಮಕ್ಕಳ ಕಾಲೇಜಿನ ದುಡ್ಡನ್ನು ಇದರಲ್ಲಿ ಹಾಕಬೇಡಿ. ಎಲ್ಲ ದುಡ್ಡೂ ಒಂದೇ ಕಾರ್ಡಿನಲ್ಲಿ ನಿಂತ ಮೇಲೆ ಕಳ್ಳತನ, ಬೆಂಕಿ, ನೀರು ಎಲ್ಲವೂ ಒಂದೇ ಏಟಿಗೆ. ಮನೆಯ ಇನ್ಶೂರೆನ್ಸ್ ಇಂಥ ಸಂಗ್ರಹಕ್ಕೆ ಎಷ್ಟು ಕೊಡುತ್ತದೆ ಅಂತ ಏಜೆಂಟರನ್ನು ಕೇಳಿ, ಮಿತಿ ಕಡಿಮೆ ಇರುತ್ತದೆ. ನೆಲಮಾಳಿಗೆಯಲ್ಲಂತೂ ಇಡಬೇಡಿ, ಥಂಡಿ ಹಿಡಿಯುತ್ತದೆ.

ಹಾಗಾದರೆ ನಾನು ನಿಮ್ಮ ಜಾಗದಲ್ಲಿ ಇದ್ದಿದ್ದರೆ? ಕ್ಲೆಮೆಂಟೆಯ ಮೂರು ಕಾರ್ಡ್ ಮುಟ್ಟುತ್ತಿರಲಿಲ್ಲ. ಅವನು ತೀರಿಕೊಂಡ ಮೇಲೆ ಬಂದ 1973ರದ್ದನ್ನಂತೂ ಕೊಡುವುದೇ ಇಲ್ಲ. ಮಾರಿದರೆ ಬರುವುದು ಪುಡಿಗಾಸು. 1955ರದ್ದು ಬಂದಾಗ ಪಕ್ಕದಲ್ಲಿ ಇದು ಇದ್ದರೆ ಮೊದಲ ಕಾರ್ಡೂ ಕೊನೆಯ ಕಾರ್ಡೂ ನಿಮ್ಮಲ್ಲೇ. ಉಳಿದ 21ರಲ್ಲಿ ಮನೆಯವರ ಜೊತೆ ಕೂತು ಇನ್ನೊಂದೆರಡು ಆರಿಸಿ ಇಟ್ಟುಕೊಳ್ಳಿ. ಮತ್ತೆ ಬೇಕು ಅನ್ನಿಸಿದರೆ ಸಲೀಸಾಗಿ ಸಿಗುವಂಥವು ಮಾರಾಟದ ಕಡೆ ಹೋಗಲಿ. 1971ರ ಕಪ್ಪು ಅಂಚಿನ ಕಾರ್ಡುಗಳು ಇದ್ದು, ಅಂಚು ಉದುರದೆ ಚೆನ್ನಾಗಿದ್ದರೆ ಸ್ವಲ್ಪ ಯೋಚಿಸಿ, ಅಂಥವು ಸಿಗುವುದು ಕಷ್ಟ. ಇದರಿಂದ 1,500 ಸುಮಾರು ಬಂದರೆ, ಅದಕ್ಕೆ ಮೂರ್ನಾಲ್ಕು ತಿಂಗಳು ಕೈಯಿಂದ ಅಷ್ಟಷ್ಟು ಸೇರಿಸಿ, ನೋಡಲು ಚೆನ್ನಾಗಿರುವ 2 ಅಥವಾ 3ನೇ ಗ್ರೇಡಿನದ್ದಕ್ಕೆ ಕಾಯುತ್ತಿದ್ದೆ. ಕಣ್ಣಿಗೆ ಬಿದ್ದಿರುವ ಆ 4 ಕೈತಪ್ಪಿದರೆ ಹೋಗಲಿ ಬಿಡಿ. ಈ ಕಾರ್ಡ್ ಮಾರಾಟಕ್ಕೆ ಬರುತ್ತಲೇ ಇರುತ್ತದೆ.

ಕಾಮನ್ಸ್ ಲಾಟ್ ಕಟ್ಟುವ ಮೊದಲು ಒಂದು ಭಾನುವಾರ ಕೂತು ಪ್ರತಿ ಕಾರ್ಡಿನ ಹಿಂದಿನ ನಂಬರ್ ನೋಡಿ. 1967ರದ್ದು 534ರಿಂದ ಮುಂದಿದ್ದರೆ, 1952ರದ್ದು 311ರಿಂದ ಮುಂದಿದ್ದರೆ, ಆಟಗಾರನ ಹೆಸರು ಯಾರಿಗೂ ಗೊತ್ತಿಲ್ಲದಿದ್ದರೂ ಪಕ್ಕಕ್ಕೆ ಎತ್ತಿಡಿ. ಅವು ಮುನ್ನೂರು ಡಾಲರಿನ ರಾಶಿಗೆ ಸೇರುವಂಥವಲ್ಲ. ಅಂಥವು ಸಿಕ್ಕರೆ ಎರಡೂ ಬದಿಯ ಫೋಟೊ ತೆಗೆದು ನನಗೆ ಕಳಿಸಿ.